ಪಳೆಯುಳಿಕೆಯ ಗುರುತು

ಮಳೆಗಾಲ ಮುಗಿದ ಮೇಲೆ ಹಳ್ಳದ ದಂಡೆಯಲ್ಲಿ, ಬಾವಿ ತೋಡಿ ಹಾಕಿದ ಮಣ್ಣಿನ ಗುಡ್ಡೆಯಲ್ಲಿ, ಕಲ್ಲುಗಣಿಯ ಒಡಕುಗಳ ರಾಶಿಯಲ್ಲಿ ವಿಚಿತ್ರ ಆಕಾರದ ಕಲ್ಲುಗಳು ಕಣ್ಣಿಗೆ ಬೀಳುವುದುಂಟು. ಒಂದು ಕಲ್ಲು ಎಲುಬಿನಂತೆ ಕಾಣುತ್ತದೆ. ಇನ್ನೊಂದು ಮೊಟ್ಟೆಯಂತೆ ದುಂಡಗಿರುತ್ತದೆ. ಮತ್ತೊಂದರ ಮೈಮೇಲೆ ಯಾರೋ ಜರಿಗಿಡವನ್ನು ಬರೆದಿಟ್ಟಂತಿರುತ್ತದೆ. ಅದನ್ನು ಕೈಗೆತ್ತಿಕೊಂಡವನ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆ 'ಇದು ಏನು?' ಎಂಬುದು. ಒಳ್ಳೆಯ ಪ್ರಶ್ನೆಯೇ. ಆದರೆ ಅನೇಕ ಸಲ ಪ್ರಶ್ನೆಯ ಬೆನ್ನ ಹಿಂದೆಯೇ ಉತ್ತರವೂ ಓಡಿ ಬರುತ್ತದೆ. 'ಇದು ರಾಕ್ಷಸನ ಎಲುಬು' ಎಂದು ಹಿಂದಿನವರು ಹೇಳುತ್ತಿದ್ದರು; 'ಇದು ಡೈನೋಸಾರದ ಮೊಟ್ಟೆ' ಎಂದು ಇಂದಿನವರು ಹೇಳುತ್ತಾರೆ. ಹೆಸರು ಬದಲಾಯಿತೇ ಹೊರತು ಅವಸರ ಬದಲಾಗಲಿಲ್ಲ. ಸಿಕ್ಕಿದ ಕಲ್ಲು ನಿಜವಾಗಿ ಏನೆಂಬುದನ್ನು ನಿಧಾನವಾಗಿ, ಸಾಕ್ಷ್ಯವನ್ನು ಹಿಡಿದು ತೀರ್ಮಾನಿಸುವುದು ಹೇಗೆ? ಬಾಗಲಕೋಟೆ ಜಿಲ್ಲೆಯ ಕಲ್ಲುಗಳನ್ನೇ ಮುಂದಿಟ್ಟುಕೊಂಡು ಈ ವಿಷಯವನ್ನು ವಿಚಾರಿಸೋಣ.

ಬಹುಕಾಲದ ಹಿಂದೆ ಬದುಕಿದ್ದ ಜೀವಿಯ ದೇಹವಾಗಲಿ, ದೇಹದ ಅಚ್ಚಾಗಲಿ, ಅದು ನಡೆದಾಡಿದ ಜಾಡಾಗಲಿ ಕಲ್ಲಿನಲ್ಲಿ ಉಳಿದು ಬಂದಿದ್ದರೆ ಅದನ್ನು ಪಳೆಯುಳಿಕೆ ಎನ್ನುತ್ತಾರೆ. ಸತ್ತ ಜೀವಿ ಕೊಳೆತುಹೋಗುವ ಮೊದಲೇ ಕೆಸರು ಅಥವಾ ಮರಳಿನಡಿ ಹೂತುಹೋಗಬೇಕು. ನೀರಿನಲ್ಲಿ ಕರಗಿದ ಖನಿಜಗಳು ಅದರೊಳಗೆ ಇಳಿದು ನೆಲೆಯೂರಬೇಕು. ಮೇಲಿನ ಮಣ್ಣು ಪದರುಪದರಾಗಿ ಗಟ್ಟಿಯಾಗಿ ಕಲ್ಲಾಗಬೇಕು. ಇವೆಲ್ಲ ಕೂಡಿಬರುವುದು ಅಪರೂಪ. ನಮ್ಮ ಮನೆಗಳ ದೇವರ ಪೆಟ್ಟಿಗೆಯಲ್ಲಿಯೇ ಇದಕ್ಕೊಂದು ನಿದರ್ಶನವುಂಟು. ನೇಪಾಳದ ಗಂಡಕಿ ನದಿಯಲ್ಲಿ ದೊರೆಯುವ ಸಾಲಿಗ್ರಾಮದೊಳಗಿನ ಚಕ್ರದಂಥ ಸುರುಳಿಯು ಅಮ್ಮೊನೈಟ್ ಎಂಬ ಕಡಲಜೀವಿಯ ಚಿಪ್ಪಿನ ಅಚ್ಚು. ಹಿಮಾಲಯ ತಲೆಯೆತ್ತುವ ಮುನ್ನ ಆ ಸ್ಥಳದಲ್ಲಿ ಕಡಲಿತ್ತೆಂಬುದಕ್ಕೆ ಆ ಸುರುಳಿ ಸಾಕ್ಷಿ. ಪೂಜಿಸುವವರ ಭಕ್ತಿಗೆ ಇದರಿಂದ ಕುಂದಿಲ್ಲ. ತಿಳಿಯಬಯಸುವವರ ಬೆರಗಿಗೆ ಕೊನೆಯಿಲ್ಲ.

ಇಂಥ ಉಳಿಕೆಗಳನ್ನು ಮೊದಲು ಕಂಡವರಲ್ಲಿ ಪಂಡಿತರಿಗಿಂತ ಸಾಮಾನ್ಯರೇ ಹೆಚ್ಚು. ಇಂಗ್ಲೆಂಡಿನ ಲೈಮ್ ರೀಜಿಸ್ ಎಂಬ ಕಡಲತೀರದ ಊರಿನ ಮೇರಿ ಆ್ಯನಿಂಗ್ ಒಬ್ಬ ಬಡ ಬಡಗಿಯ ಮಗಳು. ಬಂಡೆಗಳಿಂದ ಉದುರಿದ ಕಲ್ಲುಚಿಪ್ಪುಗಳನ್ನು ಆಯ್ದು ಪ್ರವಾಸಿಗಳಿಗೆ ಮಾರುವುದು ಆ ಮನೆಯ ಜೀವನೋಪಾಯಗಳಲ್ಲೊಂದು. 1811–12ರಲ್ಲಿ ಆಕೆಯೂ ಆಕೆಯ ಅಣ್ಣನೂ ಇಕ್ತಿಯೊಸಾರ್ ಎಂಬ ಪ್ರಾಚೀನ ಕಡಲ ಸರೀಸೃಪದ ಅಸ್ಥಿಪಂಜರವನ್ನು ಕಂಡುಹಿಡಿದಾಗ ಆಕೆಗೆ ಹನ್ನೆರಡರ ಆಸುಪಾಸಿನ ವಯಸ್ಸು. ನಮ್ಮ ದೇಶದಲ್ಲಿಯೂ ಇಂಥ ಸಂಗತಿ ನಡೆದಿದೆ. 1980ರ ದಶಕದ ಆರಂಭದಲ್ಲಿ ಗುಜರಾತಿನ ಬಾಲಸಿನೋರ್ ಸಮೀಪದ ರಹಿಯೋಲಿ ಎಂಬ ಹಳ್ಳಿಯಲ್ಲಿ, ಸಿಮೆಂಟಿಗಾಗಿ ಸುಣ್ಣಕಲ್ಲು ತೆಗೆಯುವ ಗಣಿಯ ಕೆಲಸಗಾರರು ದುಂಡನೆಯ ಕೆಲವು ಕಲ್ಲುಗಳನ್ನು ಭೂವಿಜ್ಞಾನಿಗಳ ಕೈಗೆ ಕೊಟ್ಟರು. ಅವು ಡೈನೋಸಾರದ ಮೊಟ್ಟೆಗಳೆಂದು ಗೊತ್ತಾಯಿತು. ಅದೇ ಪ್ರದೇಶದಲ್ಲಿ ಮುಂದೆ ದೊರೆತ ಎಲುಬುಗಳಿಂದ ಹೊಸದೊಂದು ಡೈನೋಸಾರದ ಪರಿಚಯವಾಗಿ, 2003ರಲ್ಲಿ ಅದಕ್ಕೆ ರಾಜಾಸಾರಸ್ ಎಂದು ಹೆಸರಿಡಲಾಯಿತು. ಕೆಲಸಗಾರರು ಆ ಕಲ್ಲುಗಳನ್ನು ಬೇರೆಯಾಗಿ ಎತ್ತಿಡದಿದ್ದರೆ ಅವು ಪುಡಿಯಾಗಿ ಸಿಮೆಂಟಿನ ಚೀಲ ಸೇರುತ್ತಿದ್ದವು.

ಇದನ್ನು ಓದಿದೊಡನೆ ನಿಮಗೆ ಅನ್ನಿಸಬಹುದು: ಬಾಗಲಕೋಟೆಯ ಸುತ್ತಮುತ್ತಲೂ ಸಿಮೆಂಟಿನ ಸುಣ್ಣಕಲ್ಲು ಇದೆಯಲ್ಲ, ಇಲ್ಲಿಯೂ ಡೈನೋಸಾರದ ಮೊಟ್ಟೆ ದೊರೆಯಬಾರದೇಕೆ? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಪಳೆಯುಳಿಕೆಯನ್ನು ಗುರುತಿಸುವ ವಿದ್ಯೆಯ ಮೊದಲ ಪಾಠ. ಸಿಕ್ಕಿದ ವಸ್ತುವಿನ ಆಕಾರವನ್ನು ನೋಡುವುದಕ್ಕೆ ಮುಂಚೆ, ಅದು ಯಾವ ಶಿಲೆಯಲ್ಲಿ ಸಿಕ್ಕಿತು, ಆ ಶಿಲೆ ಯಾವ ಕಾಲದ್ದು ಎಂದು ಕೇಳಬೇಕು. ಕಾಲುವೆಗಳ ಅಳತೆಗಾರನಾಗಿದ್ದ ವಿಲಿಯಂ ಸ್ಮಿತ್ ಎಂಬಾತನು ಇಂಗ್ಲೆಂಡಿನಲ್ಲಿ ನೆಲ ಅಗೆದಲ್ಲೆಲ್ಲ ಒಂದು ಸಂಗತಿಯನ್ನು ಗಮನಿಸಿದನು. ಪ್ರತಿಯೊಂದು ಪದರಿನಲ್ಲಿಯೂ ಅದಕ್ಕೇ ವಿಶಿಷ್ಟವಾದ ಪಳೆಯುಳಿಕೆಗಳಿರುತ್ತವೆ. ಅವುಗಳ ಅನುಕ್ರಮ ಊರಿಂದೂರಿಗೆ ಬದಲಾಗುವುದಿಲ್ಲ. ಈ ತಿಳಿವಳಿಕೆಯ ಆಧಾರದ ಮೇಲೆ ಆತನು 1815ರಲ್ಲಿ ಆ ನಾಡಿನ ಭೂವೈಜ್ಞಾನಿಕ ನಕ್ಷೆಯನ್ನು ಪ್ರಕಟಿಸಿದನು. ಎಂದ ಮೇಲೆ, ಒಂದು ಶಿಲೆಯ ಕಾಲ ತಿಳಿದರೆ ಅದರಲ್ಲಿ ಏನು ದೊರೆಯಬಹುದು, ಏನು ದೊರೆಯಲಾರದು ಎಂಬುದು ಬಹುಮಟ್ಟಿಗೆ ತಿಳಿದಂತೆಯೇ.

ಈ ಕಣ್ಣಿನಿಂದ ಬಾಗಲಕೋಟೆ ಜಿಲ್ಲೆಯನ್ನೊಮ್ಮೆ ಸುತ್ತಿಬರೋಣ. ಇಳಕಲ್ಲು ಸೀರೆಗೆ ಹೆಸರಾದಂತೆ ಕೆಂಪು ಗ್ರಾನೈಟಿಗೂ ಹೆಸರಾದ ಊರು. ಗ್ರಾನೈಟು ಭೂಮಿಯ ಆಳದಲ್ಲಿ ಕರಗಿದ ದ್ರವ ತಣ್ಣಗಾಗಿ ಹರಳುಗಟ್ಟಿದ ಅಗ್ನಿಶಿಲೆ. ಆ ಕುದಿಯಲ್ಲಿ ಯಾವ ಜೀವವೂ ಇರಲಾರದು, ಇದ್ದರೂ ಉಳಿಯಲಾರದು. ಆದ್ದರಿಂದ ಇಳಕಲ್ಲಿನ ಗ್ರಾನೈಟಿನಲ್ಲಿ ಎಂಥ ಆಕಾರ ಕಂಡರೂ ಅದು ಹರಳುಗಳ ಆಟವೆಂದು ನಿಸ್ಸಂದೇಹವಾಗಿ ಹೇಳಬಹುದು.

ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಲ್ಲಿ ಚಾಲುಕ್ಯರ ಶಿಲ್ಪಿಗಳು ಗುಡಿಗಳನ್ನು ಕಟ್ಟಿದ್ದೂ ಗುಹೆಗಳನ್ನು ಕೊರೆದದ್ದೂ ಮರಳುಗಲ್ಲಿನಲ್ಲಿ. ಇದು ನೀರು ಹೊತ್ತು ತಂದ ಮರಳು ಪದರುಪದರಾಗಿ ಕುಳಿತು ಆದ ಶಿಲೆ. ಇಲ್ಲಿಯ ಬಂಡೆಗಳ ಮೇಲೆ ಕೆಲವೆಡೆ ಸಾಲುಸಾಲಾದ ಏರುತಗ್ಗುಗಳು ಕಾಣುತ್ತವೆ. ನೋಡಿದವರು ಅವನ್ನು ದೊಡ್ಡ ಪ್ರಾಣಿಯೊಂದರ ಪಕ್ಕೆಲುಬುಗಳೆಂದು ಭ್ರಮಿಸಬಹುದು. ಕೆರೆಯ ಅಂಚಿನಲ್ಲಿ, ಹೊಳೆಯ ಮರಳಿನ ಮೇಲೆ ಇಂದಿಗೂ ನೀರಿನ ಅಲೆಗಳು ಇಂಥದೇ ಗೆರೆಗಳನ್ನು ಮೂಡಿಸುವುದನ್ನು ನೀವು ಕಂಡಿರುತ್ತೀರಿ. ಬಾದಾಮಿಯ ಬಂಡೆಯ ಮೇಲಿನದೂ ಅಂಥ ಅಲೆಗುರುತೇ. ಅದು ಪಳೆಯುಳಿಕೆಯಲ್ಲವಾದರೂ, ಯಾವುದೋ ಕಾಲದಲ್ಲಿ ಅಲ್ಲಿ ತೆಳುವಾಗಿ ನೀರು ಆಡಿತ್ತೆಂಬ ಸುದ್ದಿಯನ್ನು ಹೊತ್ತಿದೆ.

ಜಮಖಂಡಿಯ ಕಡೆಗೆ ಹೋದರೆ ನೆಲ ಕಪ್ಪಾಗುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರದೇಶದಲ್ಲೆಲ್ಲ ಹರಿದ ಲಾವಾರಸದ ಅಂಚು ಅಲ್ಲಿಗೆ ಬಂದು ಮುಟ್ಟಿದೆ. ಡೈನೋಸಾರಗಳ ಕೊನೆಗಾಲದ ಶಿಲೆ ಇದು. ಆದರೆ ಉರಿಯುವ ಲಾವಾ ತನ್ನೊಳಗೆ ಎಲುಬನ್ನಾಗಲಿ ಮೊಟ್ಟೆಯನ್ನಾಗಲಿ ಉಳಿಸಿಡುವುದಿಲ್ಲ. ಎರಡು ಲಾವಾ ಹರಿವುಗಳ ನಡುವಣ ಬಿಡುವಿನಲ್ಲಿ ಕೆರೆಗಳುಂಟಾಗಿ ಕೆಸರು ಸೇರಿದ್ದರೆ ಮಾತ್ರ ಅದರಲ್ಲಿ ಜೀವಿಗಳ ಕುರುಹು ಇರಬಹುದು. ಯಾದಗಿರಿ ಜಿಲ್ಲೆಯ ಗುರುಮಠಕಲ್ಲಿನ ಸಮೀಪ ಅಂಥ ಪದರುಗಳಿಂದ ಪಳೆಯುಳಿಕೆಗಳು ವರದಿಯಾಗಿವೆ. ಲಾವಾಶಿಲೆಗೆ ಇನ್ನೊಂದು ಗುಣವುಂಟು. ಅದು ಬಿಸಿಲು ಮಳೆಗಳಿಗೆ ಸಿಕ್ಕು ಸಡಿಲಾಗುವಾಗ ಮೂಲೆಗಳೆಲ್ಲ ಸವೆದು ದುಂಡಗಾಗುತ್ತದೆ. ಸಿಪ್ಪೆ ಸಿಪ್ಪೆಯಾಗಿ ಬಿಚ್ಚಿಕೊಳ್ಳುತ್ತದೆ. ಇಂಥ ಗುಂಡುಗಳನ್ನೇ ಜನರು ಮೊಟ್ಟೆಯೆಂದು ನಂಬುವುದು. ನಿಜವಾದ ಮೊಟ್ಟೆಗೆ ತೆಳುವಾದ, ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ ದಪ್ಪದ ಓಡು ಒಂದೇ ಇರುತ್ತದೆ. ಆ ಓಡಿನಲ್ಲಿ ಉಸಿರಾಟದ ಸಣ್ಣ ರಂಧ್ರಗಳು ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಒಂದರೊಳಗೊಂದು ಸಿಪ್ಪೆ ಬಿಡುತ್ತಲೇ ಹೋಗುವ ಗುಂಡು ಮೊಟ್ಟೆಯಾಗಲಾರದು.

ಇನ್ನು ಬಾಗಲಕೋಟೆ, ಕಲಾದಗಿ, ಲೋಕಾಪುರಗಳ ಸುಣ್ಣಕಲ್ಲಿಗೆ ಬರೋಣ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಯು ಈ ಭಾಗವನ್ನು ಸಂಚರಿಸಿ, 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಲ್ಲಿಯ ಶಿಲಾಪದರುಗಳಿಗೆ ಕಲಾದಗಿ ಶ್ರೇಣಿಯೆಂದು ಹೆಸರಿತ್ತರು. ದಾಳಿಂಬೆಗೆ ಹೆಸರಾದ ಆ ಊರು ಹೀಗೆ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿಯೂ ಸೇರಿಕೊಂಡಿತು. ಬಾಗಲಕೋಟೆಯ ಸುಣ್ಣಕಲ್ಲು ಮತ್ತು ಡೊಲೊಮೈಟ್ ಶಿಲೆಗಳು ನೂರು ಕೋಟಿ ವರ್ಷಗಳಿಗಿಂತಲೂ ಹಳೆಯವು. ಡೈನೋಸಾರಗಳು ಹುಟ್ಟಿದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಬರಿಗಣ್ಣಿಗೆ ಕಾಣುವಂಥ ಪ್ರಾಣಿಗಳ ಕುರುಹು ಜಗತ್ತಿನ ಶಿಲೆಗಳಲ್ಲಿ ಹೇರಳವಾಗಿ ದೊರೆಯುವುದು ಕಳೆದ 60 ಕೋಟಿ ವರ್ಷಗಳ ಈಚಿನ ಅವಧಿಯಲ್ಲಿ. ಅಂದಮೇಲೆ ನಮ್ಮ ಸುಣ್ಣಕಲ್ಲು ಕಡಲ ತಳದಲ್ಲಿ ಕೆಸರಾಗಿದ್ದ ಕಾಲಕ್ಕೆ ಎಲುಬೆಂಬ ವಸ್ತುವೇ ಭೂಮಿಯ ಮೇಲೆ ಇರಲಿಲ್ಲ. ಮೊಟ್ಟೆಯಿಡುವ ಪ್ರಾಣಿಯೂ ಇರಲಿಲ್ಲ. ರಹಿಯೋಲಿಯ ಸುಣ್ಣಕಲ್ಲೂ ಸಿಮೆಂಟಿಗೆ ಹೋಗುತ್ತದೆ, ಬಾಗಲಕೋಟೆಯದೂ ಹೋಗುತ್ತದೆ. ಆದರೆ ಎರಡರ ಪ್ರಾಯದಲ್ಲಿ ತೊಂಬತ್ತು ಕೋಟಿಗೂ ಮಿಕ್ಕಿದ ವರ್ಷಗಳ ಅಂತರವಿದೆ.

ಹಾಗಾದರೆ ನಮ್ಮ ಸುಣ್ಣಕಲ್ಲು ಬರಿದೇ? ಎಂದಿಗೂ ಅಲ್ಲ. ಈ ಶಿಲೆಗಳಲ್ಲಿ, ಅದರಲ್ಲಿಯೂ ಲೋಕಾಪುರದ ಸುತ್ತಣ ಡೊಲೊಮೈಟಿನಲ್ಲಿ, ಸ್ಟ್ರೊಮ್ಯಾಟೊಲೈಟ್ ಎಂಬ ರಚನೆಗಳಿವೆ. ಬಂಡೆಯನ್ನು ಪಕ್ಕದಿಂದ ನೋಡಿದರೆ, ಉಬ್ಬಿದ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಕಾಣುವ ತೆಳು ಪದರುಗಳು. ಬಂಡೆಯ ಮೇಲ್ಮೈ ಸವೆದಿದ್ದರೆ, ಅಡ್ಡ ಕೊಯ್ದ ಉಳ್ಳಾಗಡ್ಡಿಯಂತೆ ಒಂದರೊಳಗೊಂದು ಉಂಗುರಗಳು. ಆಳವಿಲ್ಲದ, ಬಿಸಿಲು ತಲಪುವ ಕಡಲ ನೀರಿನಲ್ಲಿ ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಲೋಳೆಯ ಚಾಪೆಯಂತೆ ಹರಡಿಕೊಂಡು ಬದುಕುತ್ತಿದ್ದವು. ನೀರಿನಲ್ಲಿ ತೇಲಿಬಂದ ಸುಣ್ಣದ ಕಣಗಳು ಆ ಲೋಳೆಗೆ ಅಂಟಿಕೊಂಡವು. ಬೆಳಕಿಗಾಗಿ ಜೀವಿಗಳು ಮೇಲೇರಿ ಹೊಸ ಚಾಪೆಯನ್ನು ಹಾಸಿದವು. ಅದರ ಮೇಲೆ ಮತ್ತೆ ಸುಣ್ಣ ಕುಳಿತಿತು. ಹೀಗೆ ಪದರಿನ ಮೇಲೆ ಪದರು ಬೆಳೆದು ಗುಮ್ಮಟವಾಯಿತು. ಈ ರಚನೆಗೆ 1908ರಲ್ಲಿ ಹೆಸರಿಟ್ಟವನು ಜರ್ಮನಿಯ ಎರ್ನ್ಸ್ಟ್ ಕಾಲ್ಕೋವ್‌ಸ್ಕಿ. ಇದು ನಿಜವಾಗಿಯೂ ಜೀವಿಗಳ ಕೃತಿಯೇ ಎಂದು ಆ ಕಾಲಕ್ಕೆ ಅನೇಕರು ಸಂದೇಹಪಟ್ಟರು. ಪಶ್ಚಿಮ ಆಸ್ಟ್ರೇಲಿಯದ ಶಾರ್ಕ್ ಕೊಲ್ಲಿಯಲ್ಲಿ ಇಂಥ ಗುಮ್ಮಟಗಳು ಈಗಲೂ ಬೆಳೆಯುತ್ತಿರುವುದು 1950ರ ದಶಕದಲ್ಲಿ ಕಂಡುಬಂದ ಮೇಲೆ ಆ ಸಂದೇಹ ಬಹುಮಟ್ಟಿಗೆ ಕರಗಿತು.

ಗುಮ್ಮಟ ಕಟ್ಟಿದ ಜೀವಿಗಳಲ್ಲಿ ಮುಖ್ಯವಾದವು ಸೂರ್ಯನ ಬೆಳಕಿನಿಂದ ಆಹಾರ ತಯಾರಿಸಿ ಆಮ್ಲಜನಕವನ್ನು ಹೊರಬಿಡುವಂಥವು. ಆದಿಯಲ್ಲಿ ಭೂಮಿಯ ವಾಯುಮಂಡಲದಲ್ಲಿ ಆಮ್ಲಜನಕ ಇಲ್ಲವೆಂಬಷ್ಟು ಅಲ್ಪವಾಗಿತ್ತು. ಅದನ್ನು ಕೋಟ್ಯಂತರ ವರ್ಷ ತುಂಬುತ್ತ ಬಂದದ್ದು ಇಂಥ ಕಣ್ಣಿಗೆ ಕಾಣದ ಜೀವಗಳು. ನಾವು ಇಂದು ಎಳೆದುಕೊಳ್ಳುವ ಉಸಿರಿನ ಹಿಂದೆ ಅವುಗಳ ದುಡಿಮೆಯಿದೆ. ಡೈನೋಸಾರದ ಎಲುಬಿಗಾಗಿ ಹಂಬಲಿಸುವವನು ಈ ಉಂಗುರಗಳ ಬಂಡೆಯನ್ನು ತುಳಿದು ಮುಂದೆ ಹೋಗುತ್ತಾನೆ. ಅದಕ್ಕೆ ತಲೆಯಿಲ್ಲ, ಕಾಲಿಲ್ಲ, ಹಲ್ಲಿಲ್ಲ. ನೋಡಬೇಕಾದುದನ್ನು ತಿಳಿದವನಿಗೆ ಮಾತ್ರ ಅದು ಕಾಣುತ್ತದೆ.

ಈ ಭಾಗದಲ್ಲಿ ಎಲುಬು ದೊರೆಯುವ ಸಂಭವವೇ ಇಲ್ಲವೆಂದೂ ತಿಳಿಯಬಾರದು. ಘಟಪ್ರಭಾ, ಮಲಪ್ರಭಾ ನದಿಗಳ ದಂಡೆಗಳಲ್ಲಿ ಹರಳುಗಲ್ಲು ಮತ್ತು ಮೆಕ್ಕಲುಮಣ್ಣಿನ ಪದರುಗಳಿವೆ. ಸುಣ್ಣಕಲ್ಲಿನ ಪ್ರಾಯದ ಮುಂದೆ ಇವು ನಿನ್ನೆ ಮೊನ್ನೆಯವು. ಆದಿಮಾನವನ ಕಲ್ಲಿನ ಆಯುಧಗಳು ಇವುಗಳಲ್ಲಿ ದೊರೆತಿವೆ. ನೆರೆಯ ಬೆಳಗಾವಿ ಜಿಲ್ಲೆಯ ಗೋಕಾಕದ ಸಮೀಪದಲ್ಲಿ ಇದೇ ಫೂಟ್ ಅವರಿಗೆ ಖಡ್ಗಮೃಗವೊಂದರ ಪಳೆಯುಳಿಕೆ ಸಿಕ್ಕಿತು. ಈಗ ಬದುಕಿರುವ ಖಡ್ಗಮೃಗಗಳೊಂದಿಗೆ ಹೋಲಿಸಿ ನೋಡಿ, ಇದು ಬೇರೆಯೇ ಜಾತಿಯೆಂದು ನಿರ್ಣಯಿಸಿ, 1874ರಲ್ಲಿ ಅವರು ಅದಕ್ಕೆ ದಖ್ಖನ್ನಿನ ಹೆಸರನ್ನೇ ಸೇರಿಸಿ ರೈನೊಸೆರಸ್ ಡೆಕ್ಕನೆನ್ಸಿಸ್ ಎಂದು ಕರೆದರು. ಖಡ್ಗಮೃಗಕ್ಕೆ ಬೇಕಾದುದು ಸಮೃದ್ಧವಾದ ಮೇವು ಮತ್ತು ನೀರು. ಮಳೆಗಾಗಿ ಮುಗಿಲು ನೋಡುವ ಈ ಸೀಮೆ ಒಂದು ಕಾಲಕ್ಕೆ ಅದನ್ನು ಸಾಕುವಷ್ಟು ಹಸಿರಾಗಿತ್ತೆಂದು ಆ ಕಲ್ಲಾದ ಮೂಳೆಗಳು ಹೇಳುತ್ತವೆ.

ಶಿಲೆ ಒಪ್ಪಿದ ಮೇಲೆ ಆಕಾರದ ಪರೀಕ್ಷೆ. ಜೀವಿಯ ದೇಹಕ್ಕೆ ಒಂದು ಕಟ್ಟಳೆಯಿರುತ್ತದೆ: ಎಡಬಲಗಳ ಹೊಂದಿಕೆ, ಒಂದೇ ಬಗೆಯ ಅಂಗಗಳ ಕ್ರಮವಾದ ಪುನರಾವೃತ್ತಿ, ಹೊರಮೈಗೂ ಒಳಮೈಗೂ ಇರುವ ವ್ಯತ್ಯಾಸ. ಎಲುಬಿನ ಮುರಿದ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಹೊರಗೆ ಬಿಗಿಯಾದ ಪದರು, ಒಳಗೆ ಜೇನುಹಟ್ಟಿಯಂಥ ಸಣ್ಣ ಕೋಶಗಳು ಕಾಣಬೇಕು. ಎರೆಹೊಲಗಳಲ್ಲಿ ಎಲುಬಿನಂತೆ, ಬೇರಿನಂತೆ ಕಾಣುವ ಸುಣ್ಣದ ಗಂಟುಗಳು ಹೇರಳವಾಗಿ ಸಿಗುತ್ತವೆ. ಅವನ್ನು ಒಡೆದು ನೋಡಿ. ಒಳಗೆ ಯಾವ ಕಟ್ಟಡವೂ ಇರುವುದಿಲ್ಲ, ಬರಿಯ ಸುಣ್ಣ ಮತ್ತು ಮಣ್ಣು. ಕಲ್ಲಿನ ಬಿರುಕಿನಲ್ಲಿ ಜರಿಗಿಡದಂತೆ ಕವಲೊಡೆದ ಕಪ್ಪು ಚಿತ್ರ ಬಹುತೇಕ ಮ್ಯಾಂಗನೀಸಿನ ಹರಳು. ನೀರಿನೊಡನೆ ಬಿರುಕಿನೊಳಗೆ ಇಳಿದ ಖನಿಜ ಹಾಗೆ ಹರಡಿಕೊಳ್ಳುತ್ತದೆ. ನಿಜವಾದ ಎಲೆಯಲ್ಲಿ ನಡುನರವಿರುತ್ತದೆ, ಅಂಚಿರುತ್ತದೆ. ಈ ಚಿತ್ರದಲ್ಲಿ ಎರಡೂ ಇಲ್ಲ. ಸ್ಟ್ರೊಮ್ಯಾಟೊಲೈಟಿನ ವಿಷಯದಲ್ಲಿಯೂ ಹೀಗೆಯೇ: ಪದರುಗಳ ಉಬ್ಬು ಅಂದಿನ ಕಡಲ ಮೇಲ್ಮುಖಕ್ಕೆ ತಿರುಗಿದೆಯೇ, ಅಕ್ಕಪಕ್ಕದಲ್ಲಿ ಅಂಥವೇ ಗುಮ್ಮಟಗಳಿವೆಯೇ ಎಂದು ನೋಡಬೇಕು. ಒಂಟಿ ಉಂಗುರವೊಂದನ್ನು ನಂಬಲಾಗದು.

ಇಷ್ಟೆಲ್ಲ ತಿಳಿದ ವಿದ್ವಾಂಸರೂ ಎಡವುವುದುಂಟು. ಮಧ್ಯಪ್ರದೇಶದ ಭೀಮಬೇಟ್ಕಾ ಗುಹೆಗಳು ಆದಿಮಾನವನ ಚಿತ್ರಗಳಿಗೆ ಪ್ರಸಿದ್ಧವಾದವು. ಅಲ್ಲಿಯ ಗುಹೆಯೊಂದರ ಚಾವಣಿಯಲ್ಲಿ ಎಲೆಯಾಕಾರದ, ಗೆರೆಗಳುಳ್ಳ ಗುರುತೊಂದನ್ನು ಕೆಲವು ಭೂವಿಜ್ಞಾನಿಗಳು ಕಂಡರು. ಸುಮಾರು 55 ಕೋಟಿ ವರ್ಷಗಳ ಹಿಂದೆ ಬದುಕಿದ್ದ ಡಿಕಿನ್‌ಸೋನಿಯ ಎಂಬ ಆದಿಜೀವಿಯ ಪಳೆಯುಳಿಕೆ ಅದೆಂದು 2021ರಲ್ಲಿ ಪ್ರಕಟಿಸಿದರು. ಸುದ್ದಿ ದೇಶವಿದೇಶಗಳಿಗೆ ಹಬ್ಬಿತು. ಫ್ಲೋರಿಡಾ ವಿಶ್ವವಿದ್ಯಾಲಯದ ಜೋಸೆಫ್ ಮೀರ್ಟ್ ಮತ್ತು ಅವರ ಸಂಗಡಿಗರು ಆ ಸ್ಥಳಕ್ಕೆ ಹೋಗಿ ನೋಡಿದಾಗ ಆ ಗುರುತು ಬಂಡೆಯಿಂದ ಕಳಚಿಕೊಳ್ಳುತ್ತಿತ್ತು. ಕಲ್ಲಿನೊಳಗಿನ ಪಳೆಯುಳಿಕೆ ಹಾಗೆ ಕಳಚುವುದಿಲ್ಲ. ಅದು ಹೆಜ್ಜೇನು ಬಿಟ್ಟುಹೋದ ಹುಟ್ಟಿನ ಅವಶೇಷವೆಂದು ಅವರು 2023ರಲ್ಲಿ ತೋರಿಸಿಕೊಟ್ಟರು. ಮೊದಲು ಪ್ರಕಟಿಸಿದ ವಿಜ್ಞಾನಿಗಳು ಹೊಸ ಸಾಕ್ಷ್ಯವನ್ನು ನೋಡಿ ತಮ್ಮ ಅಭಿಪ್ರಾಯವನ್ನು ಹಿಂತೆಗೆದುಕೊಂಡರು. ಆದುದರಿಂದ ಈ ಪ್ರಸಂಗವನ್ನು ನಗೆಗೀಡು ಮಾಡಬೇಕಾಗಿಲ್ಲ. ವಿಜ್ಞಾನದ ಗೌರವವಿರುವುದು ಹೀಗೆ ಮತ್ತೆ ಹೋಗಿ ನೋಡುವುದರಲ್ಲಿ, ನೋಡಿದ್ದನ್ನು ಒಪ್ಪಿಕೊಳ್ಳುವುದರಲ್ಲಿ. ಬಾದಾಮಿಯದೂ ಮರಳುಗಲ್ಲು, ಅಲ್ಲಿಯ ಬಂಡೆಗಳಿಗೂ ಹೆಜ್ಜೇನು ಕಟ್ಟುತ್ತದೆ. ಅಲ್ಲಿಯೂ ಇಂಥ ಗುರುತು ಕಂಡೀತು, ನೆನಪಿರಲಿ.

ನಿಮಗೆ ಸಂದೇಹಾಸ್ಪದವಾದ ಕಲ್ಲೊಂದು ಸಿಕ್ಕಿತೆನ್ನಿ. ಮೊದಲು ಅದನ್ನು ಇದ್ದಲ್ಲಿಯೇ ಬಿಟ್ಟು, ಪಕ್ಕದಲ್ಲಿ ಅಳತೆಪಟ್ಟಿಯನ್ನೋ ನಾಣ್ಯವನ್ನೋ ಇಟ್ಟು ಚಿತ್ರ ತೆಗೆಯಿರಿ. ಇಲ್ಲವೆ ಕೈಯಿಂದ ಬರೆದುಕೊಳ್ಳಿರಿ. ಊರು, ಹೊಲ ಅಥವಾ ಹಳ್ಳದ ಹೆಸರು, ದಿನಾಂಕ, ಸುತ್ತಣ ಶಿಲೆಯ ಬಣ್ಣ ಮತ್ತು ಬಗೆ, ಮೇಲ್ಮೈಯಿಂದ ಎಷ್ಟು ಆಳ ಎಂಬುದನ್ನು ಬರೆದಿಡಿರಿ. ಕಲ್ಲು ಬಂಡೆಗೆ ಅಂಟಿಕೊಂಡಿದ್ದರೆ ಸುತ್ತಿಗೆ ಮುಟ್ಟಿಸಬೇಡಿರಿ. ಒಡೆದ ಸ್ಟ್ರೊಮ್ಯಾಟೊಲೈಟನ್ನು ಮತ್ತೆ ಜೋಡಿಸಲಾಗದು. ಗಣಿಯೊಳಗೆ, ಕುಸಿಯುವ ದಂಡೆಯ ಕೆಳಗೆ ಹಿರಿಯರಿಲ್ಲದೆ ಹೋಗಬೇಡಿರಿ. ಅನಂತರ ಶಾಲೆಯ ಅಧ್ಯಾಪಕರ ಮೂಲಕ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗವನ್ನೋ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಬೆಂಗಳೂರಿನ ಕಚೇರಿಯನ್ನೋ ವಿಚಾರಿಸಬಹುದು. ಎಲ್ಲಿಂದ ಬಂತೆಂದು ಗೊತ್ತಿಲ್ಲದ ಪಳೆಯುಳಿಕೆಯು ಊರು, ತಾರೀಖುಗಳಿಲ್ಲದ ಕಾಗದದಂತೆ. ಅಕ್ಷರಗಳಿವೆ, ಆದರೆ ಯಾರು ಯಾರಿಗೆ ಎಂದು ಬರೆದರೆಂಬುದು ತಿಳಿಯುವುದಿಲ್ಲ.

'ಇದು ಪಳೆಯುಳಿಕೆಯಲ್ಲ' ಎಂಬ ಉತ್ತರ ಬಂದರೆ ನಿರಾಶೆ ಬೇಡ. ಅಲೆಗುರುತನ್ನು ಅಲೆಗುರುತೆಂದೂ ಸುಣ್ಣದ ಗಂಟನ್ನು ಸುಣ್ಣದ ಗಂಟೆಂದೂ ತಿಳಿದವನು, ನಿಜವಾದ ಉಳಿಕೆ ಎದುರಾದ ದಿನ ಅದನ್ನು ತಪ್ಪದೆ ಗುರುತಿಸುತ್ತಾನೆ. ನಮ್ಮ ಸುಣ್ಣಕಲ್ಲು ಮನೆಗಳಿಗೆ, ರಸ್ತೆಗಳಿಗೆ, ಸೇತುವೆಗಳಿಗೆ ಬೇಕೇ ಬೇಕು. ಗಣಿಯ ಕೆಲಸ ನಿಲ್ಲುವಂಥದಲ್ಲ. ಅದರ ನಡುವೆ ನೂರು ಕೋಟಿ ವರ್ಷಗಳ ಉಂಗುರವೊಂದು ಪುಡಿಯಾಗುವುದಕ್ಕೆ ಮುಂಚೆ, ಅಲ್ಲಿಂದ ಹಾದುಹೋಗುವ ಹುಡುಗನೋ ಹುಡುಗಿಯೋ ಒಂದು ಕ್ಷಣ ನಿಂತು ನೋಡಿ ನಾಲ್ಕು ಸಾಲು ಬರೆದಿಟ್ಟರೆ, ಅಷ್ಟಾದರೂ ಉಳಿಯುತ್ತದೆ.